ಒದ್ದೆ ಮರಳಿನ ವಾದ

ಆಸ್ಪತ್ರೆಯ ಎರಡನೇ ಮಹಡಿಯ ಗಂಡಸರ ವಾರ್ಡಿನಲ್ಲಿ ಅಪ್ಪನಿಗೆ ಸಿಕ್ಕಿದ್ದು ಕಿಟಕಿ ಪಕ್ಕದ ಮಂಚ. ಅದು ಅದೃಷ್ಟ ಎಂದು ನೋಡಲು ಬಂದವರೆಲ್ಲ ಹೇಳಿದರು. ಆ ಅದೃಷ್ಟವಂತನ ಬಲಗೈ ಏಳುತ್ತಿರಲಿಲ್ಲ, ಬಲಗಾಲು ಅರ್ಧ ಏಳುತ್ತಿತ್ತು, ಬಾಯಿಂದ ಒಂದು ಮಾತೂ ಹೊರಡುತ್ತಿರಲಿಲ್ಲ.

ಅಪ್ಪ ಕಲ್ಲು ಸಾಗಿಸುವ ಮೇಸ್ತ್ರಿ. ಕ್ರೇನು ನುಗ್ಗದ ಸಂದಿಗಳಿಗೆ, ಲಾರಿ ಹತ್ತದ ದಿಬ್ಬಗಳಿಗೆ ಚಪ್ಪಡಿಯನ್ನೋ ಕಂಬವನ್ನೋ ಮೆಟ್ಟಿಲುಗಲ್ಲನ್ನೋ ಮುಟ್ಟಿಸಬೇಕೆಂದರೆ ಅವನ ತಂಡಕ್ಕೆ ಕರೆ ಬರುತ್ತಿತ್ತು. ನಲವತ್ತು ವರ್ಷ ಅದೇ ಕೆಲಸ. ಅವನು ಹಗ್ಗ ಹಿಡಿದು ಎಳೆದದ್ದು ಮೊದಲ ಹತ್ತು ವರ್ಷ ಮಾತ್ರ. ಆಮೇಲೆಲ್ಲ ಅವನ ಕೆಲಸ ಕೂಗುವುದು. ಇಪ್ಪತ್ತು ಜನ ಒಂದೇ ಉಸಿರಿಗೆ ಎಳೆಯಬೇಕೆಂದರೆ ಒಬ್ಬನ ದನಿ ಬೇಕು. ಆ ದನಿ ಒಂದು ಕ್ಷಣ ಹಿಂದೆ ಮುಂದೆ ಆದರೆ ಯಾರದಾದರೂ ಬೆರಳು ಹೋಗುತ್ತದೆ. ಅಪ್ಪನ ತಂಡದಲ್ಲಿ ಒಬ್ಬರ ಬೆರಳೂ ಹೋಗಿರಲಿಲ್ಲ.

ಒಂದು ಬೆಳಿಗ್ಗೆ ಕಲ್ಲಿನ ಅಂಗಳದಲ್ಲಿ ನಿಂತು ಕೂಗುತ್ತಿದ್ದವನ ಮಾತು ತೊದಲಿತು. ಮೇಸ್ತ್ರಿ ತಮಾಷೆ ಮಾಡುತ್ತಿದ್ದಾನೆಂದು ಹುಡುಗರು ನಕ್ಕರಂತೆ. ಅವನು ಹಗ್ಗದ ಸುರುಳಿಯ ಮೇಲೆ ಕುಸಿದು ಕೂತ ಮೇಲೆಯೇ ಲಕ್ವ ಹೊಡೆದಿದೆಯೆಂದು ಅವರಿಗೆ ಗೊತ್ತಾದದ್ದು.

"ಅವರಿಗೆ ಎಲ್ಲ ಅರ್ಥ ಆಗುತ್ತೆ," ಎಂದರು ಡಾಕ್ಟರು. "ತಲೆಯಲ್ಲಿ ಮಾತಿದೆ. ನಾಲಿಗೆಗೆ ಬರೋ ದಾರಿ ಕುಸಿದಿದೆ. ಬೇರೆ ದಾರಿ ಹುಡುಕಿಕೊಳ್ಳಬೇಕು. ಹುಡುಕಿಕೊಳ್ಳಬಹುದು, ಆಗದೆಯೂ ಇರಬಹುದು."

ದಾರಿ ಹುಡುಕಿಸಲು ವಾರಕ್ಕೆರಡು ಸಲ ಒಬ್ಬ ಹುಡುಗಿ ಬರುತ್ತಿದ್ದಳು. ಮಾತಿನ ಟೀಚರ್ ಎಂದು ನಾವೇ ಹೆಸರಿಟ್ಟಿದ್ದೆವು. ಅವಳ ಚೀಲದಲ್ಲಿ ಚಿತ್ರದ ಕಾರ್ಡುಗಳಿದ್ದವು. ಲೋಟ, ನಾಯಿ, ಬಾಗಿಲು, ಚಮಚ. "ಇದೇನು ಹೇಳಿ, ಮೇಸ್ತ್ರಿ," ಎಂದು ಲೋಟದ ಚಿತ್ರ ಹಿಡಿದರೆ ಅಪ್ಪ ಲೋಟವನ್ನು ನೋಡುವನು, ಅವಳನ್ನು ನೋಡುವನು, ಕೊನೆಗೆ ನನ್ನನ್ನು ನೋಡುವನು. ಮೂರನೆಯ ಸಲ ಅವಳು ಬಂದಾಗ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ, ಕಾರ್ಡು ಒಳಗಿಟ್ಟು ಅರ್ಧ ಗಂಟೆ ಸುಮ್ಮನೆ ಕೂತು ಹೋದಳು.

ನಾನು ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವವಳು. ಕೈಯಲ್ಲಿ ಹಾಕುವ ಅಂಚು, ಗುಂಡಿ ಎಲ್ಲ ಚೀಲದಲ್ಲಿ ತುಂಬಿಕೊಂಡು ಬಂದು ಅಪ್ಪನ ಮಂಚದ ಪಕ್ಕ ಕೂತು ಹೊಲಿಯುತ್ತಿದ್ದೆ. ಮಧ್ಯಾಹ್ನ ಅಮ್ಮ ಗಂಜಿ ತರುತ್ತಿದ್ದಳು. ಅಪ್ಪ ಏನೇ ಸನ್ನೆ ಮಾಡಲಿ, ನಾವಿಬ್ಬರೂ "ಹೂಂ, ಹೂಂ" ಅನ್ನುತ್ತಿದ್ದೆವು. ಅರ್ಥವಾಗದಿದ್ದರೂ ಹೂಂ. ಅವನಿಗೆ ಬೇಸರವಾಗಬಾರದು ಎಂಬುದೊಂದೇ ನಮಗೆ. ದಿನದಿನಕ್ಕೆ ಅವನು ಸನ್ನೆ ಮಾಡುವುದನ್ನೂ ಕಡಿಮೆ ಮಾಡಿದ.

ಹತ್ತೊಂಬತ್ತನೆಯ ದಿನ ಪಕ್ಕದ ಮಂಚಕ್ಕೆ ಸೊಂಟದ ಮೂಳೆ ಮುರಿದುಕೊಂಡ ಒಬ್ಬರು ಬಂದರು. ಎಪ್ಪತ್ತರ ವಯಸ್ಸು, ತೆಳ್ಳಗಿನ ಮೈ, ದಪ್ಪ ಗಾಜಿನ ಕನ್ನಡಕ. ಅಂಚೆ ಕಚೇರಿಯಲ್ಲಿ ಮೂವತ್ತೆಂಟು ವರ್ಷ ಕಾಗದ ವಿಂಗಡಿಸಿದ ಗುಮಾಸ್ತರು. ವಾರ್ಡಿನವರು ಅವರನ್ನು ಪೋಸ್ಟ್‌ಮಾಸ್ಟರ್ ಎಂದು ಕರೆಯಲು ಶುರುಮಾಡಿದರು. ಲೋಕದಲ್ಲಿ ಯಾರು ಏನೇ ಹೇಳಿದರೂ ತಿದ್ದುತ್ತಿದ್ದ ಮನುಷ್ಯ ಇದೊಂದನ್ನು ಮಾತ್ರ ತಿದ್ದಲು ಹೋಗಲಿಲ್ಲ.

ಬಂದ ಎರಡೇ ದಿನದಲ್ಲಿ ಅವರು ಸಿಸ್ಟರ್ ಜೊತೆ ಥರ್ಮಾಮೀಟರಿನ ಬಗ್ಗೆ, ಎದುರು ಮಂಚದ ಲಾರಿ ಡ್ರೈವರ್ ಜೊತೆ ಡೀಸೆಲ್ ಬಗ್ಗೆ, ನನ್ನ ಜೊತೆ ಗುಂಡಿ ಹೊಲಿಯುವ ಕ್ರಮದ ಬಗ್ಗೆ ವಾದ ಮಾಡಿ ಮುಗಿಸಿದ್ದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುತ್ತಾರಲ್ಲ, ಇವರ ಮೊಲಕ್ಕೆ ಒಂದೊಂದು ಸಲ ಎರಡೇ ಇರುತ್ತಿದ್ದವು.

ಮೂರನೆಯ ದಿನ ಬೆಳಿಗ್ಗೆ ಅವರ ಕೈಗೆ ಒಂದು ಹಳೆಯ ಮಾಸಪತ್ರಿಕೆ ಸಿಕ್ಕಿತು. ಮುಖಪುಟದಲ್ಲಿ ಈಜಿಪ್ಟಿನ ಪಿರಮಿಡ್.

"ಕೇಳಿ ಇಲ್ಲಿ," ಎಂದರು ಇಡೀ ವಾರ್ಡಿಗೆ. "ಇಪ್ಪತ್ತಮೂರು ಲಕ್ಷ ಕಲ್ಲಂತೆ. ಸುಮಾರು ಎರಡೂವರೆ ಟನ್ ಒಂದೊಂದೂ. ಇಪ್ಪತ್ತು ವರ್ಷದಲ್ಲಿ ಕಟ್ಟಿದ್ರಂತೆ. ಹಾಗಾದ್ರೆ ಹಗಲು ಹೊತ್ತಲ್ಲಿ ಎರಡು ನಿಮಿಷಕ್ಕೊಂದು ಕಲ್ಲು ಕೂರಬೇಕು. ಒಂದು ಕಟ್ಟು ಕಾಗದಕ್ಕೆ ಸೀಲು ಹೊಡೆಯೋಕೇ ನನಗೆ ಅದಕ್ಕಿಂತ ಹೊತ್ತು ಬೇಕಿತ್ತು. ಇದು ಮನುಷ್ಯರ ಕೈಲಿ ಆಗೋ ಕೆಲಸ ಅಲ್ಲ."

"ಮತ್ತೆ ಯಾರ ಕೈಲಿ ಆಯ್ತು?" ಎಂದ ಡ್ರೈವರ್.

"ಮೇಲಿಂದ ಬಂದವರು," ಎಂದು ಅವರು ಫ್ಯಾನಿನ ಕಡೆ ಬೆರಳು ತೋರಿಸಿದರು. "ಬೇರೆ ಲೋಕದವರು. ನಗಬೇಡಿ. ಚಕ್ರದ ಗಾಡಿ ಇಲ್ಲ, ಕ್ರೇನಿಲ್ಲ, ಕಬ್ಬಿಣವೇ ಸರಿಯಾಗಿ ಇರಲಿಲ್ಲ."

ನಾನು ಸುಮ್ಮನಿರಬಹುದಿತ್ತು. "ನಮ್ಮಪ್ಪ ಕ್ರೇನಿಲ್ಲದೆ ಎಂಟು ಟನ್ನಿನ ಕಂಬ ಸಾಗಿಸಿದ್ದಾನೆ," ಎಂದುಬಿಟ್ಟೆ.

"ಸಾಧ್ಯವೇ ಇಲ್ಲ. ಯಾರೋ ನಿಮಗೆ ಕತೆ ಹೇಳಿದ್ದಾರೆ."

ಅಪ್ಪನ ಕಡೆಯಿಂದ ಒಂದು ಸದ್ದು ಬಂತು. ಮಾತಲ್ಲ, ಗಂಟಲೊಳಗೆ ಕಲ್ಲುಜ್ಜಿದಂಥ ಸದ್ದು. ಅವನು ಎಡಗೈಯಿಂದ ಮಂಚದ ಕಂಬಿಯನ್ನು ಹಿಡಿದು ಎದ್ದು ಕೂರಲು ನೋಡುತ್ತಿದ್ದ. ನಾನು ಓಡಿಹೋಗಿ ಬೆನ್ನಿಗೆ ದಿಂಬು ಕೊಟ್ಟೆ. ಅವನ ಕಣ್ಣು ನನ್ನ ಮೇಲಿರಲಿಲ್ಲ, ಪೋಸ್ಟ್‌ಮಾಸ್ಟರ್ ಮೇಲಿತ್ತು.

"ಏನು ಮೇಸ್ತ್ರಿ, ಕೋಪ ಬಂತಾ?" ಎಂದರು ಅವರು. "ಕೋಪ ಬಂದ್ರೆ ಕಲ್ಲು ಹೋಗಲ್ಲ. ಹೇಗೆ ಹೋಗುತ್ತೆ ತೋರಿಸಿ."

"ಅವನಿಗೆ ಮಾತು ಬರಲ್ಲ, ಸರ್," ಎಂದೆ ಮೆಲ್ಲಗೆ.

"ತೋರಿಸಿ ಅಂದೆ. ಹೇಳಿ ಅನ್ನಲಿಲ್ಲವಲ್ಲ."

ಅಪ್ಪ ತೋರಿಸಿದ. ಪೋಸ್ಟ್‌ಮಾಸ್ಟರ್ ಪದಬಂಧ ಬಿಡಿಸಲು ಇಟ್ಟುಕೊಂಡಿದ್ದ ಪೆನ್ಸಿಲುಗಳನ್ನು ಕೈಚಾಚಿ ಕೇಳಿ, ಊಟದ ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಅವುಗಳ ಮೇಲೆ ಸೋಪಿನ ಡಬ್ಬಿ ಇಟ್ಟು ಒಂದೇ ಬೆರಳಿಂದ ತಳ್ಳಿದ. ಡಬ್ಬಿ ಉರುಳಿಕೊಂಡು ಹೋಯಿತು. ಮರದ ದಿಮ್ಮಿಗಳ ಮೇಲೆ ಕಲ್ಲು ಉರುಳಿಸುವ ಕ್ರಮ. ಡ್ರೈವರ್ ಚಪ್ಪಾಳೆ ತಟ್ಟಿದ.

ಪೋಸ್ಟ್‌ಮಾಸ್ಟರ್ ಕನ್ನಡಕ ಸರಿಮಾಡಿಕೊಂಡರು. "ಮೇಜಿನ ಮೇಲೆ ಸರಿ. ಅಲ್ಲಿರೋದು ಮರಳುಗಾಡು. ದಿಮ್ಮಿ ಮರಳಲ್ಲಿ ಹೂತು ಹೋಗಲ್ವಾ?"

ನನಗೆ ರೇಗಿತು. ಆದರೆ ಅಪ್ಪ ಪೆನ್ಸಿಲುಗಳನ್ನೇ ನೋಡುತ್ತ ಕೂತಿದ್ದವನು ನಿಧಾನವಾಗಿ ತಲೆಯಾಡಿಸಿದ. ಹೌದು, ಹೂತು ಹೋಗುತ್ತದೆ. ಅಪ್ಪ ಜಗಳಗಂಟನಾದರೂ ಮೋಸಗಾರನಲ್ಲ. ಸಂಜೆಯವರೆಗೆ ಕಿಟಕಿಯ ಹೊರಗೆ ನೋಡುತ್ತಿದ್ದ. ಅವನು ಕುಸಿದ ದಿನದಿಂದ ನಾನು ನೋಡಿರದಿದ್ದ ಒಂದು ಗಂಟು ಹಣೆಯ ಮೇಲಿತ್ತು. ಕಷ್ಟದ ಕಲ್ಲೊಂದನ್ನು ಸಾಗಿಸುವ ಹಿಂದಿನ ದಿನ ಮನೆಯಲ್ಲಿ ಊಟಕ್ಕೆ ಕೂತಾಗ ಇರುತ್ತಿದ್ದ ಗಂಟು ಅದು. ಅಮ್ಮನೂ ಅದನ್ನು ಕಂಡಳು. ಗಂಜಿಯ ಪಾತ್ರೆ ತೊಳೆಯಲು ಹೋದಳು. ಬಹಳ ಹೊತ್ತು ತೊಳೆದಳು.

ಮರುದಿನ ನಾನು ಬರುವುದನ್ನೇ ಕಾಯುತ್ತಿದ್ದವನಂತೆ ಅಪ್ಪ ಬಾಗಿಲ ಕಡೆ ಕೈ ಮಾಡತೊಡಗಿದ. ಹೊರಗೆ ಹೋಗಬೇಕಾ? ಅಲ್ಲ. ಸಿಸ್ಟರ್ ಬೇಕಾ? ಅಲ್ಲ. ಹೂಂ ಅಂದರೆ ಬಿಡುವವನಾಗಿರಲಿಲ್ಲ ಆವತ್ತು. ಕೊನೆಗೆ ಡ್ರೈವರಿಗೆ ಹೊಳೆಯಿತು. ಮೊಗಸಾಲೆಯ ಗೋಡೆಗೆ ಬೆಂಕಿ ಆರಿಸಲೆಂದು ಕೆಂಪು ಬಕೆಟ್ಟುಗಳನ್ನು ನೇತುಹಾಕಿದ್ದರು, ತುಂಬ ಮರಳು.

"ಬೆಂಕಿ ಬಿದ್ರೆ ನನ್ನ ಕೇಳ್ತಾರೆ," ಎಂದರು ಸಿಸ್ಟರ್.

"ಒಂದು ತಟ್ಟೆ ಮರಳು ಅಷ್ಟೇ, ವಾಪಸ್ ಹಾಕ್ತೀವಿ," ಎಂದೆ.

ಸಿಸ್ಟರ್ ಆ ಕಡೆ ತಿರುಗಿ ಏನೋ ಬರೆಯುತ್ತ ನಿಂತರು. ನಾನು ಅಂಚಿರುವ ಊಟದ ಟ್ರೇ ತುಂಬ ಮರಳು ತಂದೆ.

ಅಪ್ಪನಿಗೆ ಮಾತ್ರೆ ನುಂಗಲಾಗುತ್ತಿರಲಿಲ್ಲ, ಅದಕ್ಕೆ ಸಿಸ್ಟರ್ ಪುಡಿ ಮಾಡಿ ಕೊಡುತ್ತಿದ್ದರು. ಪುಡಿ ಮಾಡುವ ಪುಟ್ಟ ಕಲ್ಲಿನ ಕುಟ್ಟಾಣಿಯನ್ನು ಅವನು ಸೋಪಿನ ಡಬ್ಬಿಯ ಮುಚ್ಚಳದಲ್ಲಿ ಕೂರಿಸಿ, ಮುಚ್ಚಳಕ್ಕೆ ಬ್ಯಾಂಡೇಜಿನ ಪಟ್ಟಿ ಕಟ್ಟಿಸಿದ. ಕಟ್ಟಿದ್ದು ನಾನು, ಗಂಟು ಎಲ್ಲಿ ಬರಬೇಕೆಂದು ಬೆರಳಿಟ್ಟು ತೋರಿಸಿದ್ದು ಅವನು. ಚಕ್ರವಿಲ್ಲದ ಜಾರುಬಂಡಿ ತಯಾರಾಯಿತು. ಎಡಗೈಯಿಂದ ಎಳೆದ. ಮುಚ್ಚಳ ಎರಡು ಬೆರಳಷ್ಟು ಮುಂದೆ ಬಂದು ನಿಂತಿತು.

ಪೋಸ್ಟ್‌ಮಾಸ್ಟರ್ ಕತ್ತು ಉದ್ದ ಮಾಡಿ ನೋಡುತ್ತಿದ್ದರು. "ನೋಡಿ, ನೋಡಿ. ಮುಂದೆ ಮರಳು ಗುಡ್ಡೆ ಕಟ್ಟಿತು. ನಾನು ಹೇಳಲಿಲ್ವಾ? ಎಳೆದಷ್ಟೂ ಗುಡ್ಡೆ ಏರುತ್ತೆ. ಮನುಷ್ಯರ ಕೈಲಾಗಲ್ಲ."

ಅಪ್ಪನ ಕುತ್ತಿಗೆಯ ನರ ಉಬ್ಬಿತು. ಬಾಯಿ ತೆರೆದ, ಮುಚ್ಚಿದ.

"ನೀ," ಎಂದ. ಮತ್ತೆ, "ನೀ... ರು."

ನಾನು ಯೋಚಿಸಲೇ ಇಲ್ಲ. ಬಾಯಾರಿಕೆಯಾಗಿರಬೇಕೆಂದು ಲೋಟ ಎತ್ತಿ ಅವನ ತುಟಿಗೆ ಹಿಡಿದೆ. ಅವನು ತುಟಿ ಬಿಗಿಹಿಡಿದು ತಲೆ ಕೊಡವಿದ. ಲೋಟವನ್ನು ನನ್ನ ಕೈಯಿಂದ ಕಿತ್ತುಕೊಂಡು ಮುಚ್ಚಳದ ಮುಂದಿನ ಮರಳಿನ ಮೇಲೆ ತೊಟ್ಟು ತೊಟ್ಟಾಗಿ ಚಿಮುಕಿಸಿದ. ಲೋಟ ಕೆಳಗಿಟ್ಟು ಬೆರಳಿಂದ ತಟ್ಟಿ ನೋಡಿದ. ಇನ್ನಷ್ಟು ಚಿಮುಕಿಸಿದ. ಒಂದು ಚಿಟಿಕೆ ಹಿಸುಕಿ ಉಂಡೆ ನಿಲ್ಲುತ್ತದೆಯೇ ಎಂದು ಪರೀಕ್ಷೆ ಮಾಡಿದ. ಆಮೇಲೆ ಪಟ್ಟಿ ಹಿಡಿದು ಎಳೆದ. ಕುಟ್ಟಾಣಿ ಹೊತ್ತ ಮುಚ್ಚಳ ಟ್ರೇಯ ಈ ಅಂಚಿನಿಂದ ಆ ಅಂಚಿಗೆ, ಮುಂದೆ ಒಂದು ಕಾಳಿನಷ್ಟೂ ಗುಡ್ಡೆ ಕಟ್ಟದೆ, ಜಾರಿಕೊಂಡು ಬಂತು.

ಎಲ್ಲರೂ ಟ್ರೇಯನ್ನೇ ನೋಡುತ್ತಿದ್ದೆವು. ಅಪ್ಪ ಮಾತಾಡಿದನೆಂದು ನಮ್ಮಲ್ಲಿ ಯಾರಿಗೂ ಇನ್ನೂ ತಲೆಗೆ ಹತ್ತಿರಲಿಲ್ಲ. ಅವನ ಮಾತಿಗೆ ಉತ್ತರ ಕೊಟ್ಟವರು ಒಬ್ಬರೇ.

"ನೀರು ಅಂತೀರಲ್ಲ," ಎಂದರು ಪೋಸ್ಟ್‌ಮಾಸ್ಟರ್, "ಆ ಮರಳುಗಾಡಲ್ಲಿ ನೀರು ಎಲ್ಲಿಂದ ತರ್ತಾರೆ?"

ಅಪ್ಪ ಅವರ ಕಡೆ ಒರಗಿದ. "ನದಿ," ಎಂದ.

ಆಗ ನನ್ನ ಕೈಯಲ್ಲಿದ್ದ ಬ್ಯಾಂಡೇಜಿನ ಸುರುಳಿ ಕೆಳಗೆ ಬಿದ್ದು ಮಂಚದಡಿ ಉರುಳಿಹೋಯಿತು. ಡ್ರೈವರ್ "ಮೇಸ್ತ್ರಿ ಮಾತಾಡಿದ್ರು ಕಣ್ರಿ" ಎಂದ. ಸಿಸ್ಟರ್ ಬರೆಯುವುದನ್ನು ಬಿಟ್ಟು ಬಂದರು. ನಾನು ಅಪ್ಪನ ಕಾಲಿನ ಹತ್ತಿರ ಮುಖವಿಟ್ಟು ಅತ್ತೆ. ಅಪ್ಪ ಮಾತ್ರ ಎಡಗೈಯಿಂದ ನನ್ನ ತಲೆಯನ್ನು ಪಕ್ಕಕ್ಕೆ ಸರಿಸಿದ. ನಾನು ಅವನಿಗೂ ಪೋಸ್ಟ್‌ಮಾಸ್ಟರಿಗೂ ನಡುವೆ ಅಡ್ಡ ಬಂದಿದ್ದೆ.

"ನದಿ ಎಷ್ಟು ದೂರ ಇತ್ತು, ಅದನ್ನ ಹೇಳಿ ಮೊದಲು," ಎನ್ನುತ್ತಿದ್ದರು ಅವರು.

ಶುಕ್ರವಾರ ಮಾತಿನ ಟೀಚರ್ ಬಂದಾಗ ಎಲ್ಲವನ್ನೂ ಹೇಳಿದೆ. ಅವಳು ಲೋಟ, ನಾಯಿಯ ಕಾರ್ಡುಗಳನ್ನು ಹೊರಗೆ ತೆಗೆಯಲೇ ಇಲ್ಲ. "ಅವರ ಕೆಲಸದಲ್ಲಿ ಕೂಗು ಏನಾದ್ರೂ ಇತ್ತಾ?" ಎಂದು ಕೇಳಿದಳು. "ಹಾಡು, ಎಣಿಕೆ, ಕೂಗು ಇವೆಲ್ಲ ಬೇರೆ ದಾರೀಲಿ ಬರುತ್ತೆ. ಒಂದೊಂದ್ಸಲ ಅದರ ಬಾಲ ಹಿಡ್ಕೊಂಡು ಉಳಿದ ಮಾತೂ ಬರುತ್ತೆ."

ಚಿಕ್ಕವಳಿದ್ದಾಗಿನಿಂದ ಕೇಳಿದ ಕೂಗು. ಹೇಳಲು ನಾಚಿಕೆಯಾಯಿತು, ಆದರೂ ಹೇಳಿದೆ. "ಹಗ್ಗ ಹಿಡಿಯೋ," ಎಂದೆ. "ಹೈಸಾ," ಎಂದ ಡ್ರೈವರ್, ಯಾರೂ ಹೇಳಿಕೊಡದೆ. "ಹೆಗಲು ಕೊಡೋ." "ಹೈಸಾ." ಮೂರನೆಯದು ನನ್ನ ಬಾಯಿಂದ ಹೊರಡುವ ಮೊದಲೇ ಅಪ್ಪನ ದನಿ ಬಂತು. "ಇನ್ನೊಂದ್ ಗೇಣು." ಪೂರ್ತಿ, ಒಡೆಯದೆ. ವಾರ್ಡಿಗೆ ವಾರ್ಡೇ ಹೈಸಾ ಅಂದಿತು. ಪೋಸ್ಟ್‌ಮಾಸ್ಟರೂ ಅಂದರು, ಸ್ವಲ್ಪ ತಡವಾಗಿ.

ಮುಂದಿನ ಸಲ ಟೀಚರ್ ಒಂದು ಚಿತ್ರ ತಂದಳು. ಈಜಿಪ್ಟಿನ ಯಾವುದೋ ಸಮಾಧಿಯ ಗೋಡೆಯ ಮೇಲೆ ಬರೆದಿದ್ದ ಚಿತ್ರದ ನಕಲು. ಜಾರುಬಂಡಿಯ ಮೇಲೆ ಆಳೆತ್ತರಕ್ಕೂ ಮೀರಿದ ಮೂರ್ತಿ, ಸಾಲು ಸಾಲಾಗಿ ಹಗ್ಗ ಹಿಡಿದು ಎಳೆಯುತ್ತಿರುವ ಜನ. ಬಂಡಿಯ ಮೂತಿಯ ಮೇಲೆ ನಿಂತು ಒಬ್ಬ ಪಾತ್ರೆಯಿಂದ ನೆಲಕ್ಕೆ ನೀರು ಸುರಿಯುತ್ತಿದ್ದಾನೆ. ಅಪ್ಪ ಆ ಮನುಷ್ಯನ ಮೇಲೆ ಬೆರಳಿಟ್ಟ. ಬೆರಳನ್ನು ತೆಗೆಯಲಿಲ್ಲ. ಮುಖದ ಒಂದೇ ಬದಿ ನಗುತ್ತಿತ್ತು, ಕಣ್ಣು ಎರಡೂ ಒದ್ದೆಯಾಗಿದ್ದವು. ಸಾವಿರಾರು ವರ್ಷಗಳ ಹಿಂದಿನ ಯಾವನೋ ಒಬ್ಬ ಕೂಲಿಯವನು ಅವನ ಪರವಾಗಿ ಸಾಕ್ಷಿ ಹೇಳಲು ಬಂದಂತಿತ್ತು.

ಪೋಸ್ಟ್‌ಮಾಸ್ಟರ್ ಚಿತ್ರ ಕೇಳಿ ತರಿಸಿಕೊಂಡರು. ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. "ಶಾಸ್ತ್ರಕ್ಕೆ ಹುಯ್ಯೋ ನೀರು ಇದ್ದರೂ ಇರಬಹುದು," ಎಂದರು.

"ಅಲ್ಲ," ಎಂದ ಅಪ್ಪ.

"ಯಾಕಲ್ಲ?"

ಯಾಕೆ ಅಲ್ಲ ಎಂದು ಹೇಳಲು ಅಪ್ಪನಿಗೆ ನಾಲ್ಕು ದಿನ ಹಿಡಿಯಿತು. ಮೊದಲ ದಿನ "ಹೊಳೆ", ಎರಡನೆಯ ದಿನ "ಹೊಳೆ ದಡ". ನಾಲ್ಕನೆಯ ದಿನದ ಹೊತ್ತಿಗೆ ನಾವು ಜೋಡಿಸಿಕೊಂಡದ್ದು ಇಷ್ಟು. ಅವನು ಹಗ್ಗ ಎಳೆಯುವ ಹುಡುಗನಾಗಿದ್ದಾಗ ಒಂದು ಹೊಳೆಯ ದಡದಲ್ಲಿ ಕಲ್ಲು ಎಳೆಯಬೇಕಾಗಿ ಬಂದಿತ್ತು. ಒಣ ಮರಳಿನ ಮೇಲೆ ಸರಿಯದ ಕಲ್ಲು ನೀರಿನಂಚಿನ ಒದ್ದೆ ಮರಳಿಗೆ ಬಂದಾಗ ತಾನಾಗಿಯೇ ಹಗುರವಾದಂತೆ ಆಗಿತ್ತು. ಇದನ್ನು ಅವನು ನಮಗೆ ಯಾರಿಗೂ ಯಾವತ್ತೂ ಹೇಳಿರಲಿಲ್ಲ. ನಾವು ಕೇಳಿಯೂ ಇರಲಿಲ್ಲ.

ಅಪ್ಪನನ್ನು ಮನೆಗೆ ಕಳಿಸುವ ದಿನ ನಾನು ಪೋಸ್ಟ್‌ಮಾಸ್ಟರ್ ಮಂಚದ ಹತ್ತಿರ ಹೋಗಿ ನಿಂತೆ. ಅವರ ತಂಗಿ ಅವರಿಗೆ ಉಗುರು ಕತ್ತರಿಸುತ್ತಿದ್ದರು. "ನಿಮ್ಮ ಉಪಕಾರ ಈ ಜನ್ಮದಲ್ಲಿ ಮರೆಯಲ್ಲ, ಸರ್," ಎಂದೆ.

"ನಾನೇನು ಉಪಕಾರ ಮಾಡ್ದೆ? ನಿಮ್ಮಪ್ಪ ಹೇಳಿದ್ದು ನಾನಿನ್ನೂ ಒಪ್ಪಿಲ್ಲ."

"ಗೊತ್ತು. ಆದರೂ."

ಅವರು ಕನ್ನಡಕ ತೆಗೆದು ಹೊದಿಕೆಯಿಂದ ಒರೆಸಿದರು. "ನೋಡಮ್ಮ, ನಿಜ ಹೇಳ್ತೀನಿ. ಅವರಿಗೆ ಮಾತು ಬರಲಿ ಅಂತ ನಾನು ವಾದ ಮಾಡಲಿಲ್ಲ. ಅಷ್ಟು ಒಳ್ಳೆಯವನಲ್ಲ ನಾನು. ಮನೇಲಿ ನಾನೇನೇ ಅಂದ್ರೂ ಎಲ್ರೂ ಸರಿ ಬಿಡಿ ಅಂತಾರೆ. ಇವಳೂ ಅಷ್ಟೇ." ತಂಗಿ ತಲೆ ಎತ್ತದೆ ಸಣ್ಣಗೆ ನಕ್ಕರು. "ಎಷ್ಟೋ ವರ್ಷ ಆದಮೇಲೆ ಒಬ್ಬರು ಸಿಕ್ಕಿದ್ರು, ಬಿಡಲ್ಲ ಅಂದವರು. ಥ್ಯಾಂಕ್ಸ್ ಹೇಳೋದಾದ್ರೆ ನಾನೇ ಹೇಳಬೇಕು. ಹೇಳಲ್ಲ. ಹೇಳಿದ್ರೆ ನಾನು ಸೋತೆ ಅಂತ ತಿಳ್ಕೊಳ್ತಾರೆ."

ಆಗ ನನಗೆ ಅರ್ಥವಾಯಿತು. ಇಪ್ಪತ್ತು ದಿನ ನಾನೂ ಅಮ್ಮನೂ ಪ್ರೀತಿಯಿಂದಲೇ ಅಪ್ಪನಿಗೆ ಹೂಂ ಅನ್ನುತ್ತಿದ್ದೆವು. ಮಗುವಿಗೆ ಅಂದ ಹಾಗೆ. ಅಲ್ಲ ಎಂದವರು ಇವರೊಬ್ಬರೇ. ಅಪ್ಪ ತಪ್ಪಿರಬಹುದು, ಸರಿಯೂ ಇರಬಹುದು, ಅಂತೂ ವಾದಕ್ಕೆ ಕೂರಿಸಬಹುದಾದ ಮನುಷ್ಯ ಎಂಬುದರಲ್ಲಿ ಇವರಿಗೆ ಒಂದು ಕ್ಷಣವೂ ಅನುಮಾನ ಬಂದಿರಲಿಲ್ಲ. ನಾನು ಬಗ್ಗಿ ಅವರ ಪಾದ ಮುಟ್ಟಿದೆ. "ಕಾಲಿಗೆ ಬೀಳೋದು ವಾದ ಅಲ್ಲ," ಎಂದು ಗೊಣಗಿದರು, ಆದರೆ ಕಾಲು ಎಳೆದುಕೊಳ್ಳಲಿಲ್ಲ.

ಮೂರು ತಿಂಗಳಾದ ಮೇಲೆ ಅವರಿಂದ ಒಂದು ಕಾರ್ಡು ಬಂತು. ಫೋನಿದ್ದರೂ ಕಾಗದ ಬರೆಯುವ ಮನುಷ್ಯ. "ಟ್ರೇ ಮೇಲೆ ಮುಚ್ಚಳ ಎಳೆಯೋದು ಬೇರೆ, ನೆಲದ ಮೇಲೆ ಕಲ್ಲು ಎಳೆಯೋದು ಬೇರೆ. ಈಗ ನಾಲ್ಕು ಕಾಲಿನ ಕೋಲು ಹಿಡಿದು ನಡೆಯುತ್ತಿದ್ದೇನೆ. ತೋರಿಸುವುದಿದ್ದರೆ ಬರುತ್ತೇನೆ."

ಅಪ್ಪ ಕಾರ್ಡನ್ನು ಎರಡು ಸಲ ಓದಿಸಿಕೊಂಡ. "ಕರಿ," ಎಂದ. ಆ ಹೊತ್ತಿಗೆ ಅವನು ಎರಡು ಮೂರು ಮಾತು ಸೇರಿಸಿ ಆಡುತ್ತಿದ್ದ, ಒಂದೊಂದರ ನಡುವೆ ಕಾಯಬೇಕಾಗುತ್ತಿತ್ತು ಅಷ್ಟೇ.

ರಜೆಯ ದಿನ ಬೆಳಿಗ್ಗೆ ಅವನ ಹಳೆಯ ತಂಡದ ಎಂಟು ಜನ ಕಲ್ಲಿನ ಅಂಗಳಕ್ಕೆ ಬಂದರು. ಮೂವತ್ತಡಿ ಉದ್ದ ಮರಳು ಹಾಸಿದರು. ಹಲಗೆ ಬಡಿದು ಜಾರುಬಂಡಿ ಮಾಡಿದರು. ಐದಡಿ ಉದ್ದ, ಮೂರಡಿ ಅಗಲ, ಮುಕ್ಕಾಲಡಿ ದಪ್ಪದ ಚಪ್ಪಡಿಯನ್ನು ಸನ್ನೆಗೋಲು ಹಾಕಿ ಮೀಟಿ ಅದರ ಮೇಲೆ ಕೂರಿಸಿದರು. ಹೆಚ್ಚುಕಡಿಮೆ ಒಂದು ಟನ್. ಪೋಸ್ಟ್‌ಮಾಸ್ಟರ್ ತಂಗಿಯ ಜೊತೆ ಬಂದು, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಬಂಡಿಯ ತಳದಲ್ಲಿ ಚಕ್ರವಿಲ್ಲವೆಂದು ಕೋಲಿಂದ ತಡವಿ ಖಾತ್ರಿ ಮಾಡಿಕೊಂಡರು.

ಮೊದಲು ಒಣ ಮರಳು. ಅಪ್ಪ ಕುರ್ಚಿಯ ಬೆನ್ನು ಹಿಡಿದು ನಿಂತು ಕೂಗಿದ. ಎಂಟು ಜನ ಹೈಸಾ ಅಂದರು. ಬಂಡಿ ಅಲ್ಲಾಡಲಿಲ್ಲ. ಮತ್ತೊಂದು ಸಲ ಎಳೆದರು, ಮೂತಿ ಮರಳಿಗೆ ಕಚ್ಚಿಕೊಂಡಿತು. ಪೋಸ್ಟ್‌ಮಾಸ್ಟರ್ ತಲೆ ಅಲ್ಲಾಡಿಸುತ್ತಿದ್ದರು.

ಮರಳನ್ನು ಸಮ ಮಾಡಿ ಬಂಡಿಯನ್ನು ಸರಿಪಡಿಸಿ ಪೈಪಿನಲ್ಲಿ ನೀರು ಹಾಕತೊಡಗಿದರು. ಒಬ್ಬ ಉತ್ಸಾಹದಲ್ಲಿ ಒಂದೇ ಕಡೆ ಹೆಚ್ಚು ಬಿಟ್ಟ. "ಸಾಕು, ಸಾಕು, ಕೆಸರಾಗುತ್ತೆ," ಎಂದ ಅಪ್ಪ, ಎಲ್ಲೂ ತಡೆಯದೆ. ಹೇಳಿದ ಮೇಲೆ ತನ್ನ ಬಾಯಿಯನ್ನೇ ಮುಟ್ಟಿ ನೋಡಿಕೊಂಡ.

"ಹಗ್ಗ ಹಿಡಿಯೋ," ಎಂದ.

"ಹೈಸಾ."

"ಹೆಗಲು ಕೊಡೋ."

"ಹೈಸಾ."

ಬಂಡಿ ಕದಲಿತು. ಒಮ್ಮೆ ಕದಲಿದ್ದು ನಿಲ್ಲಲಿಲ್ಲ. ಒಂದು ಟನ್ ಕಲ್ಲು ಹೊತ್ತುಕೊಂಡು ಒದ್ದೆ ಮರಳಿನ ಮೇಲೆ ಗೆರೆ ಎಳೆಯುತ್ತ ಆ ತುದಿಯವರೆಗೂ ಹೋಯಿತು. ಎಳೆದವರಿಗೇ ನಂಬಿಕೆ ಬರಲಿಲ್ಲ. ಕೈ ನೋಡಿಕೊಂಡು ನಗುತ್ತಿದ್ದರು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಎಲ್ಲರಿಗೂ ಟೀ ಬಗ್ಗಿಸಿದಳು. ಮೊದಲ ಲೋಟ ಪೋಸ್ಟ್‌ಮಾಸ್ಟರಿಗೆ ಕೊಟ್ಟಳು, ಎರಡೂ ಕೈಯಲ್ಲಿ.

ಅವರು ಟೀ ಕುಡಿದು ಮುಗಿಸುವವರೆಗೆ ಮರಳಿನ ಮೇಲಿನ ಗೆರೆಯನ್ನೇ ನೋಡುತ್ತಿದ್ದರು. "ಒಪ್ಪಿದೆ," ಎಂದರು ಕೊನೆಗೆ. "ನೆಲದ ಮೇಲೆ ಮನುಷ್ಯರೇ ಎಳೆದಿರಬಹುದು." ಲೋಟ ಕೆಳಗಿಟ್ಟರು. "ಸರಿ, ನಾನೂರು ಅಡಿ ಮೇಲಕ್ಕೆ ಹೇಗೆ ಹತ್ತಿಸಿದ್ರು?"

ಅಪ್ಪ ಮತ್ತೊಂದು ಕುರ್ಚಿಯನ್ನು ಎಡಗೈಯಲ್ಲಿ ಎಳೆದುಕೊಂಡು ಅವರ ಎದುರು ಕೂತ. "ಇಳಿ... ಜಾರು," ಎಂದ.

"ಅಷ್ಟೆತ್ತರಕ್ಕೆ ಇಳಿಜಾರು ಕಟ್ಟೋಕೆ ಪಿರಮಿಡ್‌ಗಿಂತ ಜಾಸ್ತಿ ಮಣ್ಣು ಬೇಕಲ್ರಿ."

ಅಪ್ಪನ ಹಣೆಯಲ್ಲಿ ಗಂಟು ಬಿತ್ತು. ಬಗ್ಗಿ ಬೆರಳಿಂದ ಮರಳಿನ ಮೇಲೆ ಏನೋ ಬರೆಯತೊಡಗಿದ. ಪೋಸ್ಟ್‌ಮಾಸ್ಟರ್ ಕೋಲಿನ ಒಂದು ಕಾಲಿನಿಂದ ಅದನ್ನು ತಿದ್ದಿದರು. ಹುಡುಗರು ಹಗ್ಗ ಸುತ್ತಿಟ್ಟು, ಚಪ್ಪಡಿ ಇಳಿಸಿ, ಊಟಕ್ಕೆ ಹೊರಟರು. ಇವರಿಬ್ಬರೂ ಏಳಲಿಲ್ಲ.

ಸಂಜೆ ಪೋಸ್ಟ್‌ಮಾಸ್ಟರನ್ನೂ ತಂಗಿಯನ್ನೂ ಬಸ್ಸಿಗೆ ಹತ್ತಿಸಿ ಬಂದ ಮೇಲೆ ನಾನು ಅಪ್ಪನನ್ನು ಕೇಳಿದೆ, "ಕೊನೆಗೆ ಯಾರು ಗೆದ್ರಿ?"

ಅಪ್ಪ ಮಾತನ್ನು ಒಂದೊಂದಾಗಿ ಹುಡುಕಿ ಜೋಡಿಸುವವರೆಗೆ ನಾನು ಕಾದೆ. ನಡುವೆ ಬಾಯಿ ಹಾಕಲಿಲ್ಲ.

"ಅವರು," ಎಂದ ಅಪ್ಪ, "ಬುಧವಾರ... ಮತ್ತೆ... ಬರ್ತಾರೆ."